ಹಾಲಿಗೆ ನೀರು ಬಿಟ್ಟ ಕಥೆ

ಹಳ್ಳಿಯಲ್ಲಿ ಹುಟ್ಟಿ ಬೆಳೆದವನು, ಅದರ ಮೇಲೆ ಹದಿನೆಂಟು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವನು, ಮನೆಯೊಳಗೆ ನಾಲ್ಕು ಗಿಡ ಬೆಳೆಸಲಾರನೇ? ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನೇ ಕೇಳಿಕೊಂಡು, ನಾನೇ ಎದೆ ತಟ್ಟಿಕೊಂಡು ಉತ್ತರ ಹೇಳಿದೆ. ಆ ಉತ್ತರ ಮುಂದೆ ಕೆಳಮನೆಯವರ ಸೂರಿನಿಂದ ತೊಟ್ಟಿಕ್ಕುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಇದಕ್ಕೆಲ್ಲ ಮೂಲ ನಮ್ಮ ಶಾಲೆಯ ಕನ್ನಡ ಮೇಡಂ ಯಶೋಧರಾ. ಮಾರ್ಚ್ ತಿಂಗಳ ಒಂದು ಭಾನುವಾರ ಅವರು ನಮ್ಮನ್ನೆಲ್ಲ ಚಿಕ್ಕಬಳ್ಳಾಪುರದ ತಮ್ಮ ಮನೆಗೆ ಊಟಕ್ಕೆ ಕರೆದಿದ್ದರು. ಹೊರಗೆ ಬಂಡೆ ಸೀಳುವ ಬಿಸಿಲು. ಒಳಗೆ ಕಾಲಿಟ್ಟರೆ ತಂಪು. ಮೂಲೆಗೊಂದು ಗಿಡ, ಕಿಟಕಿಗೊಂದು ಬಳ್ಳಿ, ಟಿ.ವಿ. ಪಕ್ಕದಲ್ಲಿ ಆನೆಕಿವಿಯಷ್ಟು ಅಗಲದ ಎಲೆಯ ಇನ್ನೊಂದು. ನಮ್ಮ ಹೆಡ್‌ಮೇಷ್ಟ್ರು ಪಾಯಸದ ಲೋಟ ಕೈಯಲ್ಲಿ ಹಿಡಿದು, ಇದು ಮನೆಯಲ್ಲ, ತಪೋವನ ಎಂದು ಮೂರು ಸಲ ಹೇಳಿದರು. ಹದಿನೆಂಟು ವರ್ಷದಲ್ಲಿ ನನ್ನ ಬಗ್ಗೆ ಒಂದು ಸಲವೂ ಒಳ್ಳೆಯ ಮಾತಾಡದ ಮನುಷ್ಯ! ಶಿಡ್ಲಘಟ್ಟದ ಬಸ್ಸಿನಲ್ಲಿ ವಾಪಸ್ಸು ಬರುತ್ತ, ಕಂಬಿಗೆ ಜೋತುಬಿದ್ದ ಸ್ಥಿತಿಯಲ್ಲೇ ಪ್ರತಿಜ್ಞೆ ಮಾಡಿದೆ. ಯಶೋಧರಾ ಮೇಡಂ ಅವರದು ತಪೋವನವಾದರೆ ಮುರಳಿಮೋಹನನದು ದಂಡಕಾರಣ್ಯವಾಗಬೇಕು.

ನನ್ನ ಹೆಂಡತಿ ಭಾನುಪ್ರಿಯಾ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ದಿನವಿಡೀ ಊರಿನವರಿಗೆಲ್ಲ ಉತ್ತರ ಕೊಟ್ಟು ದಣಿದಿರುವುದರಿಂದ ಮನೆಯಲ್ಲಿ ಅವಳದು ತಂತಿ ಭಾಷೆ. ಆಮ್ಲಜನಕ, ಕಣ್ಣಿಗೆ ತಂಪು, ಮನಸ್ಸಿಗೆ ಶಾಂತಿ ಎಂದು ನಾನು ಅರ್ಧ ಗಂಟೆ ಉಪನ್ಯಾಸ ಕೊಟ್ಟ ಮೇಲೆ ಅವಳು ಕೇಳಿದ್ದು ಒಂದೇ ಮಾತು.

"ಎಲ್ಲಿಡ್ತೀರಾ?"

ನ್ಯಾಯವಾದ ಪ್ರಶ್ನೆ. ನಾವಿರುವುದು ಉಸ್ಮಾನ್ ಸಾಬರ ಮಹಡಿಯ ಮೇಲೆ. ಒಂದು ಹಾಲ್, ಒಂದು ಕೋಣೆ, ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದ ಅಡುಗೆಮನೆ. ಉಸ್ಮಾನ್ ಸಾಬರು ರೇಷ್ಮೆ ನೂಲು ತೆಗೆಸುವ ಘಟಕ ಇಟ್ಟವರು. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅವರ ಮಾತಿಗೆ ತೂಕ. ನಾವು ಆಪಾ, ಅಂದರೆ ಅಕ್ಕ, ಎಂದು ಕರೆಯುವ ಹೆಂಡತಿ ನೂರುನ್ನೀಸಾ ಮತ್ತು ಮಗಳು ಬುಷ್ರಾಳೊಂದಿಗೆ ಕೆಳಗಿನ ಮನೆಯಲ್ಲಿದ್ದಾರೆ. ಬುಷ್ರಾ ಎಂಟನೇ ತರಗತಿಯಿಂದ ಮೂರು ವರ್ಷ ನನ್ನ ವಿದ್ಯಾರ್ಥಿನಿ, ಈಗ ಬಿ.ಕಾಂ. ಮುಗಿಸಿದ್ದಾಳೆ. ಏಳು ವರ್ಷದಿಂದ ನಾವು ಒಂದೇ ಮನೆಯವರಂತೆ ಇದ್ದೇವೆ. ಈಗಲೂ ಇದ್ದೇವೆ ಎಂಬುದು ಅವರ ದೊಡ್ಡತನ.

ಮುಂದಿನ ಶನಿವಾರ ಮಧ್ಯಾಹ್ನ ಚಿಕ್ಕಬಳ್ಳಾಪುರದ ರಸ್ತೆಯಲ್ಲಿರುವ ಮುನಿಗಂಗಪ್ಪನವರ ನರ್ಸರಿಗೆ ಹೋದೆ. ನಾಲ್ಕು ಗಿಡ ತರುವುದೆಂದು ಹೋದವನು ಇಪ್ಪತ್ಮೂರು ತಂದೆ. ನನ್ನ ತಪ್ಪಲ್ಲ. ನಾನು ಒಂದೊಂದು ಗಿಡದ ಮುಂದೆ ನಿಂತಾಗಲೂ ಮುನಿಗಂಗಪ್ಪ ನನ್ನ ಮುಖ ನೋಡಿ, ತಿಳಿದವರು ಮಾತ್ರ ಇದನ್ನು ಕೇಳುತ್ತಾರೆ ಎನ್ನುತ್ತಿದ್ದರು. ಮನಿ ಪ್ಲಾಂಟ್ ಆರು ಕುಂಡ, ಸ್ನೇಕ್ ಪ್ಲಾಂಟ್ ನಾಲ್ಕು, ಬಿಳಿ ಹೂವಿನ ಪೀಸ್ ಲಿಲ್ಲಿ, ರಬ್ಬರ್ ಗಿಡ, ನನಗಿಂತ ಎತ್ತರದ ಎರಡು ಅರೆಕಾ ಪಾಮು. ಉಳಿದವುಗಳ ಹೆಸರು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಇಬ್ಬರೂ ಗೊತ್ತಿರುವವರಂತೆ ತಲೆಯಾಡಿಸಿದೆವು. ಗೂಡ್ಸ್ ಆಟೋ ಹಿಂದೆ ಪಾಮುಗಳ ನಡುವೆ ನಿಂತು ಶಿಡ್ಲಘಟ್ಟದ ಬಸ್‌ಸ್ಟ್ಯಾಂಡ್ ದಾಟುವಾಗ, ಯಾರೋ ಹಳೆಯ ವಿದ್ಯಾರ್ಥಿ ಅಡ್ಡ ಬಂದು ಯಾರ ಮದುವೆ ಎಂದು ವಿಚಾರಿಸಿದ.

ಒಂದು ವಾರದಲ್ಲಿ ನಮ್ಮ ಮನೆ ನಿಜಕ್ಕೂ ಅರಣ್ಯವಾಯಿತು. ಫ್ರಿಜ್ ಮೇಲೆ, ಚಪ್ಪಲಿ ಸ್ಟ್ಯಾಂಡ್ ಮೇಲೆ, ಬಚ್ಚಲಿನ ಕಿಟಕಿಯಲ್ಲಿ, ದೇವರ ಗೂಡಿನ ಎರಡು ಪಕ್ಕ, ಎಲ್ಲೆಲ್ಲೂ ಹಸಿರು. ಸೋಫಾದಲ್ಲಿ ಕೂತರೆ ಪಾಮಿನ ಗರಿ ಕಿವಿಯೊಳಗೆ ಹೋಗುತ್ತಿತ್ತು. ಭಾನು ಟಿ.ವಿ. ನೋಡಲು ಎಲೆ ಸರಿಸಿ, ಮರೆಯಲ್ಲಿ ನಿಂತ ಬೇಟೆಗಾರ್ತಿಯಂತೆ ಇಣುಕುತ್ತಿದ್ದಳು. ನಾನು ಬೆಳಿಗ್ಗೆ ಒಂದು ಸಲ, ಶಾಲೆಯಿಂದ ಬಂದ ಮೇಲೆ ಒಂದು ಸಲ, ಮಲಗುವ ಮುನ್ನ ಅಕ್ಕರೆಗೆ ಇನ್ನೊಂದು ಸಲ ಎಲ್ಲಕ್ಕೂ ನೀರು ಹಾಕುತ್ತಿದ್ದೆ.

ಸಾದಲಿ ಹತ್ತಿರದ ನಮ್ಮೂರಿನಿಂದ ಅಪ್ಪ ರಾಮಾಂಜಿನಪ್ಪ ಒಂದು ಚೀಲ ಟೊಮೇಟೊ ಹೊತ್ತುಕೊಂಡು ಬಂದರು. ಬಾಗಿಲಲ್ಲೇ ನಿಂತು ಒಳಗೆ ನೋಡಿದರು. ಆಶ್ಚರ್ಯವಾದಾಗ ಅಪ್ಪನಿಗೆ ತೆಲುಗು ಬರುತ್ತದೆ.

"ಏಮಿರಾ ಇದಿ?" ಎಂದರು. ಆಮೇಲೆ ಸ್ನೇಕ್ ಪ್ಲಾಂಟಿನ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು, "ಹೊಲದಲ್ಲಿ ಕಳೆ ಕೀಳೋಕೆ ಆಳು ಸಿಗ್ತಿಲ್ಲ. ನೀನು ಕುಂಡದಾಗಿಟ್ಟು ಸಾಕ್ತಿದ್ದೀಯಲ್ಲಪ್ಪ" ಎಂದರು.

ಭಾನು ಟೊಮೇಟೊ ಚೀಲದ ಹಿಂದೆ ಮುಖ ಮರೆಸಿಕೊಂಡು ನಕ್ಕಳು. ನಾನು ಕ್ಷಮಿಸಿದೆ. ದಾರ್ಶನಿಕರನ್ನು ಮನೆಯವರು ಅರ್ಥ ಮಾಡಿಕೊಂಡ ಉದಾಹರಣೆ ಚರಿತ್ರೆಯಲ್ಲಿಲ್ಲ.

ಏಪ್ರಿಲ್‌ನಲ್ಲಿ ಭಾನುವಿನ ಅಕ್ಕ ತನುಜಳ ಹೊಸ ಮನೆಯ ಗೃಹಪ್ರವೇಶ ಗೌರಿಬಿದನೂರಿನಲ್ಲಿ ನಿಕ್ಕಿಯಾಯಿತು. ಶುಕ್ರವಾರ ಹೊರಟು ಸೋಮವಾರ ಬರುವುದು. ಮೂರು ದಿನ ಗಿಡಗಳಿಗೆ ನೀರು ಯಾರು ಹಾಕಬೇಕು? ಕೀಲಿಯನ್ನು ನೂರುನ್ನೀಸಾ ಆಪಾ ಕೈಯಲ್ಲಿ ಕೊಟ್ಟು ಹೋಗೋಣ ಎಂದಳು ಭಾನು. ನನಗೆ ಒಪ್ಪಿಗೆಯಾಗಲಿಲ್ಲ. ಅವರ ಮನೆಯಲ್ಲೇ ಆ ಭಾನುವಾರ ದೊಡ್ಡ ಕೆಲಸ ಇತ್ತು. ಬುಷ್ರಾಳಿಗೆ ಚಿಂತಾಮಣಿಯಿಂದ ಸಂಬಂಧ ಬಂದಿತ್ತು; ಹುಡುಗನ ಕಡೆಯವರು ಮನೆ ನೋಡಿ, ಮಾತು ಮುಗಿಸಲು ಬರುವವರಿದ್ದರು. ಅಂಥ ಹೊತ್ತಿನಲ್ಲಿ ಅವರಿಗೆ ತೊಂದರೆ ಕೊಡಬಾರದು. ನೋಡಿ, ನನ್ನ ಉದ್ದೇಶ ಎಷ್ಟು ಒಳ್ಳೆಯದಾಗಿತ್ತು.

"ವಿಜ್ಞಾನ ಯಾಕಿರೋದು ಭಾನು?" ಎಂದೆ.

ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು ಅಷ್ಟೆ.

ಬುಧವಾರ ಊರಿಗೆ ಹೋಗಿ, ಅಪ್ಪನ ಹಿಪ್ಪುನೇರಳೆ ತೋಟದ ಹಳೆಯ ಡ್ರಿಪ್ ಪೈಪನ್ನು ಸುರುಳಿ ಸುತ್ತಿ ತಂದೆ. ಒಂದೆಕರೆಗೆ ನೀರುಣಿಸಿದ ಪೈಪಿಗೆ ಇಪ್ಪತ್ಮೂರು ಕುಂಡ ಯಾವ ಲೆಕ್ಕ? ಅಡುಗೆಮನೆಯ ನಲ್ಲಿಗೆ ಒಂದು ತುದಿ ಸಿಕ್ಕಿಸಿ, ಹಾಲ್‌ಗೆ ಬರುವ ಕಡೆ ಒಂದು ಜಾಯಿಂಟು ಹಾಕಿ, ಅದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ. ಎಲ್ಲ ಕುಂಡಗಳನ್ನೂ ಹಾಲ್‌ನಲ್ಲಿ ಸಾಲಾಗಿ ನಿಲ್ಲಿಸಿ ಪೈಪು ಓಡಿಸಿದೆ. ನಲ್ಲಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಗಡಿಯಾರ ಹಿಡಿದು ಹನಿ ಎಣಿಸಿದೆ. ಕುಂಡವೊಂದಕ್ಕೆ ನಿಮಿಷಕ್ಕೆ ಹನ್ನೆರಡು ಹನಿ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆನಂದದಿಂದ ನನ್ನ ಕಣ್ಣಿನಿಂದಲೂ ಹನಿ ಬಂತು. ಶುಕ್ರವಾರ ಹೊರಡುವಾಗ, ಇಲಿ ನುಗ್ಗದಂತೆ ಬಾಗಿಲ ಸಂದಿಗೆ ಗೋಣಿಚೀಲವನ್ನು ಬಿಗಿಯಾಗಿ ತುರುಕಿ ಬೀಗ ಹಾಕಿದೆ. ಮುಂಜಾಗ್ರತೆ ನನ್ನ ಹುಟ್ಟುಗುಣ.

ನಾನು ಗಮನಿಸದೇ ಇದ್ದದ್ದು ಒಂದೇ ಸಂಗತಿ. ಆ ವಾರ ಬೋರಿನಲ್ಲಿ ನೀರು ಕಡಿಮೆಯಾಗಿ, ತಾರಸಿಯ ಮೇಲಿನ ಟ್ಯಾಂಕಿನಲ್ಲಿ ಗೇಣುದ್ದ ನೀರು ಮಾತ್ರ ಇತ್ತು. ನನ್ನ ಹನ್ನೆರಡು ಹನಿ ಆ ಗೇಣುದ್ದ ನೀರಿನ ಲೆಕ್ಕ. ಬೀಗರು ಬರುವ ಮನೆಯಲ್ಲಿ ನೀರಿಲ್ಲ ಎನ್ನಬಾರದೆಂದು ಉಸ್ಮಾನ್ ಸಾಬರು ಶನಿವಾರ ಸಂಜೆ ಟ್ಯಾಂಕರ್ ತರಿಸಿ, ಟ್ಯಾಂಕನ್ನು ಕಂಠಮಟ್ಟ ತುಂಬಿಸಿದರು.

ಭಾನುವಾರ ಬೆಳಿಗ್ಗೆ ಗೌರಿಬಿದನೂರಿನಲ್ಲಿ ಪೂಜೆ ಮುಗಿದು, ನಾನು ತನುಜಳ ಹೊಸ ಹಾಲ್‌ನಲ್ಲಿ ನಿಂತು, ನೆಂಟರಿಗೆ ಹನಿ ನೀರಾವರಿಯ ತತ್ತ್ವ ವಿವರಿಸುತ್ತಿದ್ದೆ. ಎಂಟು ಹತ್ತು ಜನ ಸೇರಿದ್ದರು. ಮನೆಗೂ ಬಂದು ಇಂಥದೊಂದು ಮಾಡಿಕೊಡಿ ಎಂದು ಒಬ್ಬರು ಕೇಳಿಯೂ ಬಿಟ್ಟರು. ಆಗ ಫೋನ್ ಬಂತು.

"ಮೇಷ್ಟ್ರೇ, ಉಸ್ಮಾನ್. ತಿಂಡಿ ಆಯ್ತಾ?"

ಆಯಿತು ಎಂದೆ. ಗೃಹಪ್ರವೇಶ ಸುಸೂತ್ರವಾಗಿ ಆಯಿತೇ ಎಂದು ಕೇಳಿದರು. ಆಯಿತು ಎಂದೆ. ತನುಜಮ್ಮನವರಿಗೆ ಶುಭಾಶಯ ತಿಳಿಸಿ ಎಂದರು. ತಿಳಿಸುತ್ತೇನೆ ಎಂದೆ. ಆಮೇಲೆ ಹೇಳಿದರು.

"ಏನಿಲ್ಲ, ನಮ್ಮ ಹಾಲಲ್ಲಿ ಮಳೆ ಬರ್ತಾ ಇದೆ. ಹೊರಗಡೆ ಬಿಸಿಲಿದೆ. ಅದಕ್ಕೇ ನಿಮ್ಮನ್ನ ಕೇಳಣ ಅಂತ."

ಟ್ಯಾಂಕಿನ ಗೇಟ್‌ವಾಲು ಮುಚ್ಚಿಸಿದ್ದೇನೆ, ಆದರೆ ಒಳಗೆ ನಿಂತ ನೀರು ಇಳಿಯುತ್ತಲೇ ಇದೆ ಎಂದರು. ವಾಲು ಮುಚ್ಚಿದ್ದರಿಂದ ಅವರ ಅಡುಗೆಮನೆಗೂ ನೀರಿಲ್ಲ. ಬೀಗ ಒಡೆದುಬಿಡಿ ಎಂದು ಬೇಡಿಕೊಂಡೆ. ಅದಕ್ಕೆ ಅವರು, ನೀವಿಲ್ಲದಾಗ ನಿಮ್ಮ ಮನೆಯ ಬೀಗಕ್ಕೆ ನಾನು ಕೈ ಹಾಕುವುದೇ, ಅದು ಸರಿ ಕಾಣುವುದಿಲ್ಲ ಎಂದರು. ನನ್ನಿಂದ ಅವರ ಮನೆ ಮುಳುಗುತ್ತಿತ್ತು. ಅವರು ನನ್ನ ಬೀಗದ ಮರ್ಯಾದೆ ಕಾಯುತ್ತಿದ್ದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ತನುಜಳ ಸ್ಕೂಟರ್ ತೆಗೆದುಕೊಂಡು ಹೊರಟೆವು. ಹಿಂದೆ ಭಾನು ರೇಷ್ಮೆ ಸೀರೆಯಲ್ಲಿ, ಮುಡಿ ತುಂಬ ಹೂ ಮುಡಿದು, ಒಂದು ಕೈಯಲ್ಲಿ ಹೋಳಿಗೆ ಡಬ್ಬಿ ಹಿಡಿದು ಕೂತಿದ್ದಳು. ಚಿಕ್ಕಬಳ್ಳಾಪುರ ದಾಟಿದ ಮೇಲೆ ಕೇಳಿದಳು.

"ಅವರು ಎಷ್ಟು ಹೊತ್ತಿಗೆ ಬರ್ತಾರೆ?"

"ಮೂರು ಗಂಟೆಗಂತೆ."

"ಬೇಗ ಓಡಿಸಿ."

ಹನ್ನೆರಡೂವರೆಗೆ ಮನೆ ಮುಟ್ಟಿದೆವು. ಬೀಗ ತೆಗೆದು ಬಾಗಿಲು ತಳ್ಳಿದೆ. ಒಳಗಿದ್ದ ನೀರು ಹೊಸ್ತಿಲು ದಾಟಿ ನನ್ನ ಪಾದ ತೊಳೆದು, ಮೆಟ್ಟಿಲಿಳಿದು ಹೋಯಿತು. ಮನೆದೇವರಿಗೂ ಅಂಥ ಅಭಿಷೇಕ ಆಗಿರಲಿಕ್ಕಿಲ್ಲ. ಜಾಯಿಂಟು ಕಳಚಿಕೊಂಡು, ಪೈಪಿನ ತುದಿ ಹಾಲ್‌ನ ನಟ್ಟನಡುವೆ ಹೆಡೆ ಎತ್ತಿ ನಿಂತಿತ್ತು. ನನ್ನ ಶಾಲೆಯ ಬೂಟುಗಳು ಸೋಫಾದ ಕಡೆಗೆ ಜೋಡಿಯಾಗಿ ತೇಲುತ್ತಿದ್ದವು. ನೀರು ಹೊರಹೋಗದಂತೆ ನೋಡಿಕೊಂಡಿದ್ದು ನಾನು ತುರುಕಿದ ಗೋಣಿಚೀಲ. ಊರಿನಲ್ಲಿ ಹಾಲಿಗೆ ನೀರು ಬೆರೆಸುವವರನ್ನು ಹಿಡಿದು ಬಯ್ಯುತ್ತಾರೆ. ಹಾಲ್ ತುಂಬ ನೀರು ಬಿಟ್ಟವನಿಗೆ ಏನು ಮಾಡಬೇಕೋ ನನಗೆ ತೋಚಲಿಲ್ಲ.

ಭಾನು ಸೀರೆ ಎತ್ತಿ ಸಿಕ್ಕಿಸಿ ಪೊರಕೆ ಹಿಡಿದಳು. ಅರ್ಧ ಗಂಟೆಯಲ್ಲಿ ನೀರು ಬಳಿದು ಹಾಕಿ, ಇಬ್ಬರೂ ಕೆಳಗೆ ಹೋದೆವು.

ಕೆಳಗಿನ ಹಾಲ್‌ಗೆ ಹದಿನೈದು ದಿನದ ಹಿಂದಷ್ಟೇ ಸುಣ್ಣಬಣ್ಣ ಆಗಿತ್ತು. ಈಗ ಸೂರಿನ ಮೇಲೆ ಕಂದು ಬಣ್ಣದ ಒಂದು ದೊಡ್ಡ ಭೂಪಟ. ಅದರ ಒಂದು ನದಿ ಗೋಡೆಗೂ ಇಳಿದಿತ್ತು. ನಡುವೆ ಒಂದು ಕಡೆ ಇನ್ನೂ ತೊಟ್ಟಿಕ್ಕುತ್ತಿತ್ತು. ಕೆಳಗೆ ಬಿರಿಯಾನಿಯ ಪಾತ್ರೆ ಇಟ್ಟಿದ್ದರು. ನೂರುನ್ನೀಸಾ ಆಪಾ ದಿವಾನದ ಮೇಲೆ ಕೂತು ಆ ಪಾತ್ರೆಯನ್ನೇ ನೋಡುತ್ತಿದ್ದರು. ಆರು ತಿಂಗಳಿಂದ ಹುಡುಕಿ ಸಿಕ್ಕ ಸಂಬಂಧ. ಹುಡುಗ ಉಮರ್ ಫಾರೂಕ್ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಅವನ ತಾಯಿ ಕಹಕಶಾನ್ ಬಹಳ ಕಟ್ಟುನಿಟ್ಟು, ಕೂತಲ್ಲಿಂದಲೇ ಮನೆಯ ಮೂಲೆಮೂಲೆ ಅಳೆಯುವವರು ಎಂದು ಆಪಾ ಯಾರಿಂದಲೋ ಕೇಳಿದ್ದರು. ನಾನು ತರಗತಿಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗನಂತೆ ಬಾಗಿಲ ಪಕ್ಕ ನಿಂತೆ.

ಆಗ ಹೊಸ ಬಟ್ಟೆ ತೊಟ್ಟ ಬುಷ್ರಾ ಒಳಗಿನಿಂದ ಬಂದಳು. ಪೈಪು, ಟ್ಯಾಂಕು, ಹನ್ನೆರಡು ಹನಿ, ಎಲ್ಲವನ್ನೂ ಕೇಳಿ ತಿಳಿದುಕೊಂಡಳು.

"ದ್ರವದ ಎತ್ತರ ಹೆಚ್ಚಾದಷ್ಟೂ ಒತ್ತಡ ಹೆಚ್ಚಾಗುತ್ತೆ ಅಂತ ನೀವೇ ಅಲ್ವಾ ಸಾರ್ ಹೇಳ್ಕೊಟ್ಟಿದ್ದು? ಎಂಟನೇ ಕ್ಲಾಸಲ್ಲಿ."

ಅವಳಿಗೆ ಆ ಪಾಠ ಚೆನ್ನಾಗಿ ಅರ್ಥವಾಗಿತ್ತು. ಹೆಮ್ಮೆ ಪಡಬೇಕಾದ ಗಳಿಗೆ. ಪಡಲು ಆಗಲಿಲ್ಲ.

ದಾರಿ ತೋರಿಸಿದವಳು ಭಾನು. ಸೂರನ್ನೂ ಗೋಡೆಯನ್ನೂ ಒಂದು ನಿಮಿಷ ನೋಡಿದಳು. ಗಿಡ ಎಲ್ಲ ಕೆಳಗೆ ತನ್ನಿ ಎಂದಳು. ನನಗೆ ಅರ್ಥವಾಗುವ ಮೊದಲೇ ಬುಷ್ರಾ ದುಪಟ್ಟಾ ಬಿಗಿದು ಮೆಟ್ಟಿಲು ಹತ್ತಿದ್ದಳು. ನಾನೂ ಉಸ್ಮಾನ್ ಸಾಬರೂ ಇಪ್ಪತ್ತು ಕುಂಡ ಹೊತ್ತು ಇಳಿಸಿದೆವು. ಗೋಡೆಯ ಕಲೆಗೆ ಅಡ್ಡಲಾಗಿ ಎರಡು ಪಾಮು, ರಬ್ಬರ್ ಗಿಡ, ಅವುಗಳ ಕಾಲಬುಡದಲ್ಲಿ ಸಣ್ಣ ಗಿಡಗಳು. ಮನಿ ಪ್ಲಾಂಟಿನ ಬಳ್ಳಿಗಳನ್ನು ರೇಷ್ಮೆ ದಾರದಲ್ಲಿ ಕಟ್ಟಿ, ಸೂರಿನ ಕೊಕ್ಕೆಯಿಂದ ಕಿಟಕಿಯವರೆಗೆ ಚಪ್ಪರದ ಹಾಗೆ ಎಳೆದಳು ಭಾನು. ತೊಟ್ಟಿಕ್ಕುವ ಜಾಗದಲ್ಲಿ ಬಿರಿಯಾನಿ ಪಾತ್ರೆ ತೆಗೆದು ಪೀಸ್ ಲಿಲ್ಲಿ ಕುಂಡ ಇಟ್ಟಳು. ಎರಡೂವರೆಗೆ ನೋಡಿದರೆ ಹಾಲ್ ಕಣ್ಣು ತುಂಬುವಂತಿತ್ತು. ಯಶೋಧರಾ ಮೇಡಂ ಮನೆ ಇದರ ಮುಂದೆ ಏನೂ ಅಲ್ಲ. ನಾನು ಒಂದು ತಿಂಗಳು ಒದ್ದಾಡಿ ಮಾಡಲಾಗದ್ದನ್ನು ಅವಳು ಒಂದೂವರೆ ಗಂಟೆಯಲ್ಲಿ ಮಾಡಿದ್ದಳು.

ಮೂರಕ್ಕೆ ಸರಿಯಾಗಿ ಚಿಂತಾಮಣಿಯವರು ಬಂದರು. ನಮ್ಮಿಬ್ಬರನ್ನೂ ಉಸ್ಮಾನ್ ಸಾಬರು ಬಿಡದೆ ಜೊತೆಯಲ್ಲಿ ಕೂರಿಸಿಕೊಂಡರು. ಕಹಕಶಾನ್ ಕನ್ನಡಕ ಸರಿಮಾಡಿಕೊಂಡು ಸುತ್ತ ನೋಡಿದರು. ಮುಖ ಅರಳಿತು. ಇಂಥ ತಂಪಾದ ಮನೆ ಈ ಕಡೆ ನೋಡಿಲ್ಲ ಎಂದರು. ಶರಬತ್ತು ಬಂತು. ಮಾತು ಹಿತವಾಗಿ ಸಾಗುತ್ತಿತ್ತು.

ಟಪ್.

ಪೀಸ್ ಲಿಲ್ಲಿಯ ಎಲೆ ಒಂದು ಸಲ ತಲೆ ಬಾಗಿಸಿ ಎದ್ದಿತು. ಉಮರ್ ಫಾರೂಕ್ ಎಲೆ ನೋಡಿದ. ಅವನ ತಾಯಿ ಸೂರು ನೋಡಿದರು. ಇದೇನು ಎಂದು ಕೇಳಿದರು.

ಉಸ್ಮಾನ್ ಸಾಬರು ಗಂಟಲು ಸರಿಮಾಡಿಕೊಂಡರು. "ಗಿಡಕ್ಕೆ ನೀರು. ಆಟೋಮ್ಯಾಟಿಕ್. ಮೇಲಿನ ಮನೆ ಮೇಷ್ಟ್ರು ಮಾಡಿದ್ದು" ಎಂದರು.

ಒಂದಕ್ಷರವೂ ಸುಳ್ಳಲ್ಲ. ಕಹಕಶಾನ್ ನನ್ನ ಕಡೆ ತಿರುಗಿ, ಚಿಂತಾಮಣಿಯ ತಮ್ಮ ಮನೆಗೂ ಇಂಥದೊಂದು ಹಾಕಿಕೊಡಲು ಆಗುತ್ತದೆಯೇ ಎಂದು ಬಹಳ ಗೌರವದಿಂದ ಕೇಳಿದರು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆ ಸ್ಥಿತಿಯಲ್ಲೂ ನನ್ನ ಎದೆ ಒಂದಂಗುಲ ಉಬ್ಬಿತು. ಯಾವ ಅಳತೆಯ ಪೈಪು ಬೇಕೆಂದು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಪರದೆಯ ಪಕ್ಕ ಕೂತಿದ್ದ ಬುಷ್ರಾಳಿಗೆ ನಗು ತಡೆಯಲಾಗಲಿಲ್ಲ. ದುಪಟ್ಟಾ ಬಾಯಿಗೆ ಒತ್ತಿ ಹಿಡಿದರೂ ಭುಜ ಕುಲುಕುತ್ತಿತ್ತು. ನೂರುನ್ನೀಸಾ ಆಪಾ ಕಣ್ಣಲ್ಲೇ ಗದರಿಸಿದರು. ಪ್ರಯೋಜನವಾಗಲಿಲ್ಲ. ಕಹಕಶಾನ್ ಅವಳನ್ನು ಉರ್ದುವಿನಲ್ಲಿ ಏನೋ ಕೇಳಿದರು. ಬುಷ್ರಾ ತಲೆ ಎತ್ತಿ, ಉರ್ದುವಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು. ನನಗೆ ಅರ್ಥವಾದದ್ದು ಮೂರೇ ಮಾತು: ಮಾಸ್ಟರ್ ಸಾಬ್, ಪೈಪ್, ಪಾನಿ. ಮೂರು ಸಾಕಾಗಿದ್ದವು. ಉಸ್ಮಾನ್ ಸಾಬರು ನೆಲ ನೋಡುತ್ತಿದ್ದರು. ಆಪಾ ಕಣ್ಣು ಮುಚ್ಚಿಕೊಂಡಿದ್ದರು. ಏಳು ವರ್ಷ ಮನೆಮಗನಂತೆ ನೋಡಿಕೊಂಡವರ ಮಗಳ ಸಂಬಂಧ ನನ್ನ ಸೈಕಲ್ ಟ್ಯೂಬಿನಿಂದ ಮುರಿಯುತ್ತದಲ್ಲ ಎಂದುಕೊಂಡೆ.

ಕಹಕಶಾನ್ ಎದ್ದರು. ಪಾಮಿನ ಗರಿ ಸರಿಸಿ ಗೋಡೆಯ ಕಲೆ ನೋಡಿದರು. ಬಳ್ಳಿ ಎತ್ತಿ ಸೂರಿನ ಭೂಪಟ ನೋಡಿದರು. ಕೊನೆಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಮಾಸ್ಟರ್ ಸಾಬ್, ನಮ್ಮನೆ ಮಳೆಗಾಲದಲ್ಲಿ ಆರು ಕಡೆ ಸೋರುತ್ತೆ. ಬರೋ ಸೊಸೆ ಅದನ್ನ ನೋಡಿ ಅಳ್ತಾಳೇನೋ ಅಂತ ನನಗೆ ಯೋಚನೆ ಇತ್ತು. ಇವಳು ನಗ್ತಾಳೆ. ಅದೂ ಅಲ್ದೆ, ಮುಚ್ಚಿಡೋದಿಲ್ಲ" ಎಂದರು.

ಎಂದವರೇ ತಟ್ಟೆಯಿಂದ ಮಿಠಾಯಿ ತೆಗೆದು ಬುಷ್ರಾಳ ಬಾಯಿಗಿಟ್ಟರು. ಮಾತು ಪಕ್ಕಾ ಆಯಿತು. ಆಪಾ ಅತ್ತರು, ಭಾನುವೂ ಅತ್ತಳು. ನಾನು ಅಳಲಿಲ್ಲ. ಆ ದಿನಕ್ಕೆ ಆ ಮನೆಯಲ್ಲಿ ನನ್ನಿಂದ ಬಿದ್ದ ನೀರು ಸಾಕಷ್ಟಾಗಿತ್ತು.

ಸೂರು ಪೂರ್ತಿ ಒಣಗುವವರೆಗೆ ಬಣ್ಣ ಹೊಡೆಯಬಾರದು ಎಂದು ಪೇಂಟರ್ ಹೇಳಿದ್ದರಿಂದ, ಗಿಡಗಳು ಕಲೆ ಮುಚ್ಚಲು ಕೆಳಗೇ ಉಳಿದವು. ನನ್ನ ಬಳಿ ಮೂರು ಉಳಿದಿದ್ದವು. ಅವುಗಳಿಗೆ ಹಿಂದಿಗಿಂತ ಹೆಚ್ಚು ಪ್ರೀತಿ ತೋರಿಸಿದೆ. ಜೂನ್ ಹೊತ್ತಿಗೆ ಒಂದು ಕೊಳೆಯಿತು, ಒಂದು ಹಳದಿಯಾಯಿತು, ಇನ್ನೊಂದು ಎಲೆಯೆಲ್ಲ ಉದುರಿಸಿ ಸನ್ಯಾಸಿಯಂತೆ ನಿಂತಿತು.

ಮದುವೆಗೆ ಹದಿನೈದು ದಿನ ಇರುವಾಗ ಕೆಳಗಿನವರು ಊಟಕ್ಕೆ ಕರೆದರು. ಹೋಗಿ ನೋಡಿದರೆ ನನ್ನ ಗಿಡಗಳ ಗುರುತೇ ಸಿಗಲಿಲ್ಲ. ಪಾಮು ಫ್ಯಾನು ಮುಟ್ಟುತ್ತಿತ್ತು. ಪೀಸ್ ಲಿಲ್ಲಿಯಲ್ಲಿ ಏಳು ಹೂ. ಮನಿ ಪ್ಲಾಂಟ್ ಸೂರು ಪೂರ್ತಿ ಹಬ್ಬಿ, ಬಣ್ಣವೇ ಬೇಡ ಎಂದು ಉಸ್ಮಾನ್ ಸಾಬರು ತೀರ್ಮಾನಿಸಿದ್ದರು. ನನ್ನೊಳಗಿನ ವಿಜ್ಞಾನಿ ಎದ್ದು ಕೂತ. ಜೇಬಿನಿಂದ ಪೆನ್ನು, ಚೀಟಿ ತೆಗೆದು ನೂರುನ್ನೀಸಾ ಆಪಾರನ್ನು ವಿಚಾರಿಸಿದೆ. ರೇಷ್ಮೆಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ಹುಳುವಿನ ಗೊಬ್ಬರ ಹಾಕಿದಿರಾ? ಇಲ್ಲವಂತೆ. ಎಷ್ಟು ಹೊತ್ತು ಬಿಸಿಲು ತೋರಿಸುತ್ತೀರಿ? ತೋರಿಸುವುದಿಲ್ಲವಂತೆ. ಅಂಗಡಿಯಿಂದ ಔಷಧಿ ಏನಾದರೂ? ಅದೂ ಇಲ್ಲ.

"ಹಾಗಾದ್ರೆ ಇಷ್ಟು ಚೆನ್ನಾಗಿ ಬರೋಕೆ ಏನ್ ಮಾಡಿದ್ರಿ ಆಪಾ?"

ಆಪಾ ಬಹಳ ಸಂಕೋಚದವರು. ಒಮ್ಮೆ ನನ್ನನ್ನು, ಒಮ್ಮೆ ಭಾನುವನ್ನು ನೋಡಿ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು.

"ನಾನೇನೂ ಮಾಡ್ಲಿಲ್ಲ ಮೇಷ್ಟ್ರೇ. ನಿಮ್ಮನ್ನ ಇವುಗಳ ಹತ್ರ ಬಿಡಬೇಡಿ ಅಂತ ಭಾನು ಹೇಳಿದ್ಲು. ಅದೊಂದು ತಪ್ಪದೆ ನಡೆಸ್ಕೊಂಡು ಬಂದಿದ್ದೀನಿ."